ಯುದ್ಧಕ್ಕೆ ಹೋಗಿದ್ರಾ ಅಂತ ಯಾರೂ ಕೇಳಲಿಲ್ಲ

ಮಾನ್ಯ ಸಂಪಾದಕರೇ,

ಯುದ್ಧ ಕಂಡ ಸೈನಿಕರ ಮನಸ್ಸಿನ ಆಘಾತದ ಬಗ್ಗೆ ಬರುವ ಬರಹಗಳಲ್ಲಿ ಈಗಷ್ಟೇ ಮನೆಗೆ ಮರಳಿದ ಹುಡುಗರೇ ಜಾಸ್ತಿ. ಎಪ್ಪತ್ತು ದಾಟಿದವರ ಸುದ್ದಿ ಬರುವುದೇ ಇಲ್ಲ. ಅಂಥವರೊಬ್ಬರ ಮಗಳು ನಾನು.

ಸೇನೆ ಬಿಟ್ಟು ಬಂದ ಒಂದೆರಡು ವರ್ಷ ಅಪ್ಪ ರಾತ್ರಿ ಬೆಚ್ಚಿ ಏಳುತ್ತಿದ್ದರಂತೆ, ಅಮ್ಮ ಹೇಳಿದ್ದು. ಆಮೇಲೆ ಕೆಲಸ, ಮಕ್ಕಳು, ಮನೆ ಸಾಲ. ಮೂವತ್ತು ವರ್ಷ ಏನೂ ಇಲ್ಲ. ಅಪ್ಪ ನಿವೃತ್ತರಾದರು, ಮರುವರ್ಷ ಅಮ್ಮ ತೀರಿಕೊಂಡರು. ಅಲ್ಲಿಂದ ಮತ್ತೆ ಶುರು. ಮಲಗುವ ಮುಂಚೆ ಬೂಟಿನ ಲೇಸು ಸಡಿಲಿಸಿ, ಕಾಲು ತೂರಿಸಿದರೆ ಸಾಕು ಅನ್ನುವ ಹಾಗೆ ಮಂಚದ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಚಿಲಕ ಮೂರು ಸಲ ನೋಡುವುದು. ಪಾತ್ರೆ ಬಿದ್ದರೆ ಮೈಯೆಲ್ಲ ಬೆವರು. ಟೀವಿಯಲ್ಲಿ ಯಾವುದೋ ದೇಶದ ಯುದ್ಧ ತೋರಿಸಿದರೆ ಅವತ್ತು ರಾತ್ರಿ ನಿದ್ದೆ ಇಲ್ಲ.

ಅರಳುಮರಳು ಅಂದರು ನೆಂಟರು. ಡಾಕ್ಟರು ಬಿಪಿ, ಶುಗರ್ ಕೇಳಿ ನಿದ್ದೆ ಮಾತ್ರೆ ಬರೆದುಕೊಟ್ಟರು. ಯುದ್ಧಕ್ಕೆ ಹೋಗಿದ್ರಾ ಅಂತ ಕೇಳಿದ್ದು ಎರಡನೇ ಡಾಕ್ಟರು. ಅಪ್ಪ ಬಹಳ ಹೊತ್ತು ನೆಲ ನೋಡುತ್ತಾ ಕೂತಿದ್ದರು.

ಯುದ್ಧದ ಈ ಆಘಾತಕ್ಕೆ ಮೊದಲ ಮಹಾಯುದ್ಧದಲ್ಲಿ ಶೆಲ್ ಶಾಕ್ ಅನ್ನುತ್ತಿದ್ದರು. ಹೇಡಿತನ ಅಂತ ಬೈದದ್ದೂ ಉಂಟು. ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ) ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದು 5 ವರ್ಷಕ್ಕೆ. ದಶಕಗಟ್ಟಲೆ ಸುಮ್ಮನಿದ್ದು ಮರುಕಳಿಸುವುದನ್ನು ಎರಡನೇ ಮಹಾಯುದ್ಧದ ಸೈನಿಕರಲ್ಲೇ ವೈದ್ಯರು ಕಂಡಿದ್ದಾರೆ. ದುಡಿಮೆಯ ಗಡಿಬಿಡಿಯಲ್ಲಿ ನೆನಪು ಅಡಿಗೆ ಹೋಗಿರುತ್ತದೆ. ಕೆಲಸ ನಿಂತಾಗ, ಜೊತೆಗಿದ್ದವರು ಹೋದಾಗ, ಕಾಯಿಲೆ ಬಿದ್ದಾಗ ಮೇಲೆ ಬರುತ್ತದೆ.

ವಯಸ್ಸಾದ ಮೇಲೆ ಇದಕ್ಕೆಲ್ಲ ಚಿಕಿತ್ಸೆ ಯಾಕೆ ಅನ್ನುವವರೂ ಸಿಕ್ಕರು. ತಪ್ಪು. ಆ ನೆನಪನ್ನು ಥೆರಪಿಸ್ಟ್ ಜೊತೆ ಕೂತು ಸ್ವಲ್ಪ ಸ್ವಲ್ಪವೇ ಎದುರಿಸುವ ಚಿಕಿತ್ಸೆ ಇದೆ, ಖಿನ್ನತೆಗೂ ಕೊಡುವ ಸರ್ಟ್ರಲೀನ್‌ನಂಥ ಮಾತ್ರೆಗಳೂ ಇವೆ. ಆತಂಕಕ್ಕೆ, ನಿದ್ದೆಗೆ ಅಂತ ಕೊಡುವ ಡಯಾಜೆಪಾಂ ಜಾತಿಯ ಮಾತ್ರೆಗಳು ಈ ಕಾಯಿಲೆಗೆ ಬೇಡ ಅಂತ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ. (ಈಗಾಗಲೇ ತಗೊಳ್ಳುತ್ತಿರುವವರು ತಾವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.) ಅಪ್ಪ ಈಗ ವಾರಕ್ಕೊಮ್ಮೆ ಹೋಗಿ ಬರುತ್ತಾರೆ. ಬೂಟು ಮಂಚದ ಪಕ್ಕದಲ್ಲೇ ಇದೆ, ಆದರೆ ಚಿಲಕ ನೋಡುವುದು ಒಂದೇ ಸಲ.

ಆಸ್ಪತ್ರೆಯ ಫಾರಂನಲ್ಲಿ ಬೀಡಿ ಸಿಗರೇಟು, ಕುಡಿತ, ಅಲರ್ಜಿ ಎಲ್ಲ ಕೇಳುತ್ತಾರೆ ಅಲ್ವಾ? ಸೇನೆಯಲ್ಲಿದ್ದಿರಾ, ಯುದ್ಧ ನೋಡಿದ್ದೀರಾ ಅಂತ ಇನ್ನೊಂದು ಸಾಲು ಸೇರಿಸಲಿ. ಹೌದು ಅಂದವರಿಗೆ ನಿದ್ದೆ ಮಾತ್ರೆ ಬರೆಯುವ ಮುಂಚೆ ಡಾಕ್ಟರು ಹತ್ತು ನಿಮಿಷ ಜಾಸ್ತಿ ಕೂರಲಿ.

– ಮಾಜಿ ಸೈನಿಕರೊಬ್ಬರ ಮಗಳು