ಶುಕ್ರವಾರ ಹೊರಡುವ ಮಗಳಿಗೆ

ಪುಟ್ಟಿ,

ಭಾನುವಾರ ನೀನು ಮಾತಾಡುತ್ತಿರುವಾಗಲೇ ಫೋನ್ ಇಟ್ಟುಬಿಟ್ಟೆ. ತಪ್ಪು ನನ್ನದೇ. ಅಮ್ಮ ನಾಳೆ ಬೆಂಗಳೂರಿಗೆ ಬರುತ್ತಾಳೆ, ಮಿಡಿ ಉಪ್ಪಿನಕಾಯಿ ಜೊತೆ ಈ ಕಾಗದವನ್ನೂ ಕೊಡುತ್ತಾಳೆ. ಫ್ರಾಂಕ್‌ಫರ್ಟ್‌ಗೆ ಹೊರಡುವ ಮೊದಲು ಓದು.

'ಗ್ರೀಸಿನವರು ಸಾಲ ಮಾಡಿ ತಿಂದರು, ಅನುಭವಿಸಿದರು' ಅಂದೆಯಲ್ಲ, ಅದಕ್ಕೆ ನನಗೆ ಸಿಟ್ಟು ಬಂತು.

2015ರ ಜುಲೈ ಮೊದಲ ವಾರ ನಮ್ಮ ಹಡಗು ಗ್ರೀಸಿನ ಪಿರೇಯಸ್ ಬಂದರಿನ ಪಕ್ಕದ ಪೆರಾಮಾದಲ್ಲಿ ರಿಪೇರಿಗೆ ನಿಂತಿತ್ತು. ಸಾಲದ ಬಿಕ್ಕಟ್ಟಿನಲ್ಲಿ ಬ್ಯಾಂಕುಗಳಿಗೆ ಸರ್ಕಾರವೇ ಬೀಗ ಹಾಕಿಸಿತ್ತು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. 20ರ ನೋಟು ಮುಗಿದಿದ್ದ ಕಡೆ ಸಿಗುತ್ತಿದ್ದದ್ದು ಬರೇ 50. ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದವರೊಬ್ಬರು ನಿಂತಿದ್ದರು. ಇಸ್ತ್ರಿ ಹಾಕಿದ ಅಂಗಿ. ಒಂದೇ ನೋಟು ಬಂತು. ಅದನ್ನು ಮಡಚಿ ಜೇಬಿಗಿಟ್ಟು ಅಲ್ಲೇ ಪಕ್ಕದಲ್ಲಿ ನಿಂತರು. ಹೊರದೇಶದ ಕಾರ್ಡಿಗೆ ಆ ಮಿತಿ ಇರಲಿಲ್ಲ. ನನಗೆ 300 ಯೂರೋ ಬಂತು. ಅವರು ನೋಡಿದರು. ಏನೂ ಅನ್ನಲಿಲ್ಲ.

ಅವರ ಊರು, ಅವರು ದುಡಿದು ಇಟ್ಟ ದುಡ್ಡು. ಎಲ್ಲಿಂದಲೋ ಬಂದ ನಾನು ಅವರೆದುರೇ ನೋಟು ಎಣಿಸಿದ್ದೆ.

ಸರ್ಕಾರದ್ದು ತಪ್ಪಿತ್ತು, ಹೌದು. ಬಜೆಟ್ ಕೊರತೆಯ ನಿಜವಾದ ಲೆಕ್ಕ ಮುಚ್ಚಿಟ್ಟಿದ್ದರು, 2009ರಲ್ಲಿ ಹೊರಬಿತ್ತು. ಆದರೆ ಯೂರೋ ಸೇರಿದ ಮೇಲೆ ಹೆಚ್ಚುಕಡಿಮೆ ಜರ್ಮನಿಗೆ ಕೊಡುವಷ್ಟೇ ಕಡಿಮೆ ಬಡ್ಡಿಗೆ ಗ್ರೀಸಿಗೆ ಸಾಲ ಕೊಟ್ಟವರೂ ಇದ್ದರಲ್ವಾ? 2010ರಲ್ಲಿ ಯೂರೋ ದೇಶಗಳೂ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ಸೇರಿ 11,000 ಕೋಟಿ ಯೂರೋ ನೆರವು ಅಂತ ಘೋಷಿಸಿದರು. ಅದರಲ್ಲಿ ದೊಡ್ಡ ಪಾಲು ಹಳೇ ಸಾಲ ಕೊಟ್ಟವರಿಗೇ ಹೋಯಿತು. ಜನರಿಗೆ ಬಂದದ್ದು ಸಂಬಳ ಕಡಿತ, ಪಿಂಚಣಿ ಕಡಿತ. ಕೊಳ್ಳುವವರ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅಂಗಡಿ ನಡೆಯುವುದು ಹೇಗೆ? 2013ರಲ್ಲಿ ದುಡಿಯಲು ಸಿದ್ಧರಿದ್ದ ನೂರು ಜನರಲ್ಲಿ 27 ಜನರಿಗೆ ಕೆಲಸ ಇರಲಿಲ್ಲ. ಅಷ್ಟು ಹೊಟ್ಟೆ ಕಟ್ಟಿದರೂ ಸಾಲದ ಹೊರೆ ಇಳಿಯಲಿಲ್ಲ. 2009ರಲ್ಲಿ ದೇಶದ ವರ್ಷದ ಉತ್ಪನ್ನದ ಸುಮಾರು 127% ಇದ್ದದ್ದು 2014ಕ್ಕೆ ಸುಮಾರು 180% ಆಯಿತು. ಉತ್ಪನ್ನವೇ ಕಾಲು ಭಾಗ ಕರಗಿತ್ತು.

1991ರಲ್ಲಿ ನಾವೂ ಚಿನ್ನ ಅಡವಿಟ್ಟವರೇ. ಆದರೆ ರೂಪಾಯಿ ನಮ್ಮದು, ಅದರ ಬೆಲೆ ಇಳಿಸಿದೆವು. ಗ್ರೀಸಿಗೆ ಆ ದಾರಿ ಇರಲಿಲ್ಲ. ನೋಟಿನ ಕೀಲಿ ಇದ್ದದ್ದು ನೀನು ಈಗ ಹೋಗುತ್ತಿರುವ ಊರಿನ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನಲ್ಲಿ.

ನೋಡು, ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ. ಅರ್ಥಶಾಸ್ತ್ರ ನಿನಗೇ ಜಾಸ್ತಿ ಗೊತ್ತು. ನಮ್ಮ ಮನೆಯಲ್ಲಿ ಇಷ್ಟು ಓದಿದವಳು ನೀನೊಬ್ಬಳೇ. ಮೊನ್ನೆ ಬಂದರಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಆದರೆ ಅಲ್ಲಿ ಕ್ಲಾಸಿನಲ್ಲಿ ಯಾರಾದರೂ ಇಡೀ ದೇಶವನ್ನೇ ಸೋಮಾರಿ ಅಂದರೆ ಸುಮ್ನೆ ತಲೆಯಾಡಿಸಬೇಡ. ನಿನಗೆ ಹೇಳಿಕೊಡಬೇಕಾದ ಮಾತಲ್ಲ ಅದು, ಆದರೂ ಹೆದರಿಕೆ.

ಆ ದಿನ ಅವರಿಗೆ 50 ಯೂರೋ ಕೊಡಬೇಕು ಅನ್ನಿಸಿತ್ತು. ಇಸ್ತ್ರಿ ಅಂಗಿ ನೋಡಿ ಧೈರ್ಯ ಬರಲಿಲ್ಲ. ಹಡಗಿಗೆ ವಾಪಸ್ ಬಂದು ಯಾರಿಗೂ ಹೇಳಲಿಲ್ಲ. ಅಮ್ಮನಿಗೂ ಗೊತ್ತಿಲ್ಲ.

ತಲುಪಿದ ಕೂಡಲೇ ಫೋನ್ ಮಾಡು. ಈ ಸಲ ಪೂರ್ತಿ ಕೇಳುತ್ತೇನೆ.

ನಿನ್ನ,
ಅಪ್ಪ