ಮಗಳಿಗೊಂದು ಪತ್ರ: ಈ ಸಲ ಬೇಸಿಗೆಗೆ ಕಾಯಬೇಡ

ಪುಟ್ಟಿ,

ನಾನು ಕಳಿಸಿದ ಫೋಟೋ ನೋಡಿ ನಿನಗೆ ಗಾಬರಿಯಾಗಿದೆ ಅಂತ ನಿನ್ನ ಮೆಸೇಜ್ ಓದಿದ ಕೂಡಲೇ ಗೊತ್ತಾಯಿತು. ಕೋಳಿಗಳಿಗೆ ಯಾವ ಕಾಯಿಲೆಯೂ ಬಂದಿಲ್ಲ. ಕೆಂಪಿಯ ಕುತ್ತಿಗೆ ಬೋಳಾಗಿರುವುದು, ಹುಂಜನ ಬಾಲ ಅರ್ಧಕ್ಕರ್ಧ ಖಾಲಿಯಾಗಿರುವುದು, ಗೂಡಿನ ತುಂಬ ಗರಿ ಬಿದ್ದಿರುವುದು, ಎಲ್ಲಾ ಈ ಕಾಲದಲ್ಲಿ ಆಗುವಂಥದ್ದೇ. ಹಳೇ ಗರಿ ಬಿಟ್ಟು ಹೊಸದು ಹಾಕಿಕೊಳ್ಳುತ್ತಿವೆ, ಅಷ್ಟೆ. ನೀನು ಇಲ್ಲಿದ್ದಾಗ ಶಾಲೆ, ಟ್ಯೂಷನ್ ಅಂತ ಬೆಳಗ್ಗೆ ಹೋದರೆ ದೀಪ ಹಾಕುವ ಹೊತ್ತಿಗೆ ಬರುತ್ತಿದ್ದೆ. ಓದೋಕೆ ಅಂತ ಹೋದ ಮೇಲಂತೂ ಬೇಸಿಗೆ ರಜೆಗೆ ಮಾತ್ರ ಬರುತ್ತೀಯ. ಹಾಗಾಗಿ ಬಿಸಿಲು ತಗ್ಗಿ, ಚಳಿ ಇನ್ನೂ ಬರದ ಈ ಶರತ್ಕಾಲದ ದಿನಗಳಲ್ಲಿ ನಮ್ಮ ಪ್ರಾಣಿಗಳು ಹೇಗಿರುತ್ತವೆ ಅನ್ನುವುದನ್ನು ನೀನು ಸರಿಯಾಗಿ ನೋಡೇ ಇಲ್ಲ. ಇದು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಫೋನಿನಲ್ಲಿ ಹೇಳೋಣ ಅಂದರೆ ಊಟ ಆಯಿತಾ, ನಿದ್ದೆ ಮಾಡಿದೆಯಾ ಅನ್ನುವುದರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೋಳಿ ವಿಷಯ. ಮೊಟ್ಟೆ ಯಾಕೆ ಕಡಿಮೆಯಾಯಿತು ಅಂತ ಕೇಳಿದ್ದೀಯಲ್ಲ, ಹಗಲು ಗಿಡ್ಡವಾಗಿರುವುದೇ ಕಾರಣ. ಸೆಪ್ಟೆಂಬರ್ 22 ಅಥವಾ 23ಕ್ಕೆ ಹಗಲೂ ರಾತ್ರಿಯೂ ಹೆಚ್ಚುಕಮ್ಮಿ ಸಮ ಆಗುತ್ತವೆ. ಅಲ್ಲಿಂದ ಡಿಸೆಂಬರಿನ ತನಕ ರಾತ್ರಿ ದಿನಾ ಸ್ವಲ್ಪ ಸ್ವಲ್ಪ ಉದ್ದವಾಗುತ್ತಾ ಹೋಗುತ್ತದೆ. ಹೇಂಟೆ ಚೆನ್ನಾಗಿ ಮೊಟ್ಟೆ ಇಡಬೇಕಾದರೆ ದಿನಕ್ಕೆ ಸುಮಾರು 14ರಿಂದ 16 ಗಂಟೆ ಬೆಳಕು ಬೇಕು. ಆ ಬೆಳಕನ್ನು ಅದು ಕಣ್ಣಿನಿಂದ ಮಾತ್ರ ಅಳೆಯುವುದಿಲ್ಲ, ತಲೆಬುರುಡೆಯ ಮೂಲಕ ಒಳಗೆ ಇಳಿಯುವ ಬೆಳಕನ್ನು ಅದರ ಮಿದುಳೇ ನೇರವಾಗಿ ಗುರುತಿಸುತ್ತದೆ. ಎಷ್ಟು ಚೆಂದ ಅಲ್ವಾ? ಬೆಳಕು ಸಾಲುತ್ತಿಲ್ಲ ಅಂತ ಮೈಗೆ ಗೊತ್ತಾಯಿತು ಅಂದರೆ ಮೊಟ್ಟೆಯ ಕೆಲಸ ಬಿಟ್ಟು ಗರಿಯ ಕೆಲಸಕ್ಕೆ ಇಳಿಯುತ್ತದೆ. ಗರಿ ಅಂದರೆ ಬಹುಪಾಲು ಪ್ರೋಟೀನೇ. ಮೊಟ್ಟೆಗೂ ಪ್ರೋಟೀನ್ ಬೇಕು. ಎರಡನ್ನೂ ಒಟ್ಟಿಗೆ ಮಾಡು ಅಂದರೆ ಅಷ್ಟು ಸಣ್ಣ ಮೈ ಎಲ್ಲಿಂದ ತರಬೇಕು ಹೇಳು. ತಲೆ, ಕುತ್ತಿಗೆಯಿಂದ ಶುರುವಾಗಿ ಎದೆ, ಬೆನ್ನು, ರೆಕ್ಕೆ, ಕೊನೆಗೆ ಬಾಲ, ಹೀಗೆ ಇಳಿಯುತ್ತಾ ಬಂದು ಎಲ್ಲಾ ಮುಗಿಯುವುದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಈ ವರ್ಷವೇ ಬೆಳೆದ ಹೇಂಟೆಗಳು ಮಾತ್ರ ಇನ್ನೂ ಮೊಟ್ಟೆ ಇಡುತ್ತಿವೆ, ಅವುಗಳ ಸರದಿ ಮುಂದಿನ ವರ್ಷ.

ಗೂಡಿಗೆ ಒಂದು ಬಲ್ಬ್ ಹಾಕಿ, ಮೊಟ್ಟೆ ನಿಲ್ಲುವುದಿಲ್ಲ ಅಂತ ಹೇಳುವವರು ಇದ್ದಾರೆ. ದೊಡ್ಡ ಫಾರಂಗಳಲ್ಲಿ ಹಾಗೇ ಮಾಡುತ್ತಾರೆ, ಅವರ ಲೆಕ್ಕಾಚಾರ ಬೇರೆ. ನಾನು ಹಾಕುವುದಿಲ್ಲ. ವರ್ಷವೆಲ್ಲಾ ಕೊಟ್ಟಿವೆ, ಈಗ ಸುಧಾರಿಸಿಕೊಳ್ಳಲಿ. ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಡುತ್ತಿದ್ದೇನೆ, ಅವೂ ತರಗೆಲೆ ಕೆದರಿ ಹುಳ ಹುಪ್ಪಟೆ ಹುಡುಕಿ ತಿನ್ನುತ್ತವೆ. ಒಂದೇ ಒಂದು ಮಾತು, ನೀನು ಬಂದಾಗ ಕೆಂಪಿಯನ್ನು ಎತ್ತಿಕೊಳ್ಳಬೇಡ. ಹೊಸದಾಗಿ ಮೂಡುತ್ತಿರುವ ಗರಿಯ ಬುಡದಲ್ಲಿ ರಕ್ತ ಓಡಾಡುತ್ತಿರುತ್ತದೆ, ಮುಟ್ಟಿದರೆ ನೋವಾಗುತ್ತದೆ. ಪಕ್ಕದಲ್ಲಿ ಕೂತರೆ ಸಾಕು, ಅದೇ ಹತ್ತಿರ ಬರುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಬೇಲಿ ಪಕ್ಕದ ಒಣಮಣ್ಣಿನಲ್ಲಿ ಗುಂಡಿ ಮಾಡಿಕೊಂಡು, ಒಂದು ರೆಕ್ಕೆ ಬಿಚ್ಚಿ, ಕಣ್ಣು ಅರ್ಧ ಮುಚ್ಚಿ ಹೊರಳಾಡುತ್ತಿರುತ್ತವಲ್ಲ, ಅದನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಆ ಮಣ್ಣು ಗರಿ ಸಂದಿಯ ಹೇನು ಕಳೆಯುತ್ತದೆ, ಮೈಯ ಜಿಡ್ಡೂ ಹೋಗುತ್ತದೆ. ಆದರೆ ಅವುಗಳ ಮುಖ ನೋಡಿದರೆ ಅದು ಬರೀ ಹೇನಿಗಾಗಿ ಮಾಡುವ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ನಮ್ಮ ಹಸು ಗೌರಿ ಚೆನ್ನಾಗಿದ್ದಾಳೆ. ಬೇಸಿಗೆಯಲ್ಲಿ ನೀನು ಬಂದಾಗ ಅವಳು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಾ ನೆರಳು ಬಿಟ್ಟು ಕದಲುತ್ತಿರಲಿಲ್ಲ, ನೀನು ಹತ್ತಿರ ಹೋದರೂ ತಲೆ ಆಚೆ ತಿರುಗಿಸಿದಳು ಅಂತ ಬೇಜಾರು ಮಾಡಿಕೊಂಡಿದ್ದೆ. ಅವಳಿಗೆ ನಿನ್ನ ಮೇಲೆ ಕೋಪ ಇರಲಿಲ್ಲ ಮಗಳೇ, ಸೆಖೆ ತಡೆಯೋಕೆ ಆಗುತ್ತಿರಲಿಲ್ಲ. ದನದ ಹೊಟ್ಟೆಯೊಳಗೆ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸುತ್ತಾ ಇರುತ್ತವೆ, ಅದರಿಂದ ಹಗಲೂ ರಾತ್ರಿ ಶಾಖ ಹುಟ್ಟುತ್ತಲೇ ಇರುತ್ತದೆ. ಒಳಗೆ ಒಲೆ ಉರಿಯುತ್ತಿದ್ದ ಹಾಗೆ. ಹೊರಗೂ ಬಿಸಿ ಇದ್ದರೆ ಅದು ಎಲ್ಲಿಗೆ ಹೋಗಬೇಕು? ಅದಕ್ಕೇ ದನಗಳು ಚಳಿಯನ್ನು ತಡೆದಷ್ಟು ಸುಲಭವಾಗಿ ಸೆಖೆ ತಡೆಯುವುದಿಲ್ಲ. ಈಗ ಗಾಳಿ ತಣ್ಣಗಾಗಿದೆ, ನೊಣದ ಕಾಟವೂ ಇಳಿದಿದೆ. ಬಾಲ ಬೀಸುವುದು ಬಿಟ್ಟು ಸುಮ್ನೆ ನಿಂತಿರುತ್ತಾಳೆ. ನಾನು ಹೋದರೆ ಕತ್ತು ಚಾಚುತ್ತಾಳೆ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಕೆರೆಯಲಿ ಅಂತ. ಕೆರೆಯುತ್ತಾ ಇದ್ದರೆ ಕಿವಿ ಜೋತುಬೀಳುತ್ತದೆ, ಕತ್ತು ಇನ್ನಷ್ಟು ಉದ್ದ ಆಗುತ್ತದೆ. ನಿಲ್ಲಿಸಿದರೆ ಮೂತಿಯಿಂದ ಒಂದು ಸಣ್ಣ ಗುದ್ದು.

ಬೆಳಗ್ಗೆ ಮಾತ್ರ ಅವಳನ್ನು ತಡವಾಗಿ ಬಿಡುತ್ತೇನೆ. ಇಬ್ಬನಿ ಆರಬೇಕು. ಒದ್ದೆ ಹುಲ್ಲಿನ ತುದಿಗೆ ಜಂತುಹುಳದ ಮರಿಗಳು ಏರಿ ಕೂತಿರುತ್ತವೆ. ಅದೂ ಅಲ್ಲದೆ ಖಾಲಿ ಹೊಟ್ಟೆಯಲ್ಲಿ ಎಳೆ ಕುದುರೆಮಸಾಲೆ ಮೇವಿಗೆ ಬಾಯಿ ಹಾಕಿದರೆ ಹೊಟ್ಟೆ ಉಬ್ಬರ ಬರುತ್ತದೆ, ಅದು ದನದ ಜೀವ ತೆಗೆಯುವಷ್ಟು ಜೋರಾಗಬಹುದು. ಹಾಗಾಗಿ ಮೊದಲು ಗೋದಲಿಗೆ ಒಣಹುಲ್ಲು. ಅದು ತಿಂದು ಮುಗಿಯುವ ತನಕ ನಾನೂ ಕೊಟ್ಟಿಗೆಯಲ್ಲೇ ಇರುತ್ತೇನೆ.

ಮಧ್ಯಾಹ್ನ ಮಲಗಿ ಮೆಲುಕು ಹಾಕುವಾಗ ಅವಳ ಕುತ್ತಿಗೆಯ ಎಡಭಾಗ ನೋಡು. ಉಂಡೆ ಕೆಳಗಿನಿಂದ ಮೇಲೇರಿ ಬರುವುದು ಕಾಣಿಸುತ್ತದೆ. ಬಾಯಿಗೆ ಬಂದ ಮೇಲೆ ನಲವತ್ತು, ಐವತ್ತು ಸಲ ಅಗಿದು ನುಂಗುತ್ತಾಳೆ. ಸ್ವಲ್ಪ ಸುಮ್ಮನಿರುತ್ತಾಳೆ. ಮತ್ತೆ ಇನ್ನೊಂದು ಉಂಡೆ. ದಿನಕ್ಕೆ ಏಳೆಂಟು ಗಂಟೆ ಹೀಗೇ. ಇದನ್ನು ನೋಡುತ್ತಾ ಕೂರುವುದು ಸೋಮಾರಿತನ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೆಲುಕು ನಿಲ್ಲಿಸಿದ ದನಕ್ಕೆ ಏನೋ ಆಗಿದೆ ಅಂತ ಅರ್ಥ, ಮತ್ತು ಅದು ದಿನಾ ನೋಡುವವನಿಗೆ ಬೇಗ ಗೊತ್ತಾಗುತ್ತದೆ. ಯಾವ ಕಾಲಿಗೆ ಭಾರ ಹಾಕುತ್ತಿಲ್ಲ, ಯಾವುದು ಹಿಂಡಿನಿಂದ ದೂರ ನಿಂತಿದೆ, ಯಾವುದು ನೀರು ಕುಡಿಯಲಿಲ್ಲ, ಇದೆಲ್ಲಾ ಓಡಾಡುತ್ತಾ ಕೆಲಸ ಮಾಡುವಾಗ ಕಣ್ಣಿಗೆ ಬೀಳುವುದಿಲ್ಲ. ಕೂತಾಗ ಬೀಳುತ್ತದೆ. ಬೇಸಿಗೆಯಲ್ಲಿ ನೀರು ಹೊರುವುದೇ ಒಂದು ದೊಡ್ಡ ಕೆಲಸ, ಮಳೆಯಲ್ಲಿ ಕೆಸರು. ಈಗ ಮಾತ್ರ ಕೂರೋಕೆ ಪುರುಸೊತ್ತು. ಹಾಗಂತ ಕಾಯಿಲೆ ಹುಡುಕೋಕೆ ಮಾತ್ರ ಕೂರುತ್ತೇನೆ ಅಂದುಕೊಳ್ಳಬೇಡ, ನನಗೆ ಅಲ್ಲಿ ಇರುವುದು ಇಷ್ಟ, ಅದಕ್ಕೆ ಕೂರುತ್ತೇನೆ.

ಆಡುಗಳ ಕತೆ ಇನ್ನೊಂದು. ಅವುಗಳಿಗೆ ಈಗ ಗಾಳಿ ಬೀಸಿದರೆ ಸಾಕು. ಎಲೆ ಉದುರಿದ ಸದ್ದಿಗೆ ಬೆಳ್ಳಿ ಮೊದಲು ಓಡುತ್ತಾಳೆ, ಅವಳ ಹಿಂದೆ ಮಿಕ್ಕವೆಲ್ಲಾ. ಹಸಿರು ಸೊಪ್ಪು ಎದುರಿಗೇ ಇದ್ದರೂ ಬಿದ್ದ ಒಣ ಎಲೆಯನ್ನು ಹಪ್ಪಳದ ಸದ್ದಿನಲ್ಲಿ ಜಗಿಯುತ್ತವೆ. ನಿಮ್ಮಮ್ಮ ಹಾಸಿಗೆಗೆ ಅಂತ ತರಗೆಲೆ ಗುಡಿಸಿ ರಾಶಿ ಮಾಡಿದರೆ ಮರಿಗಳು ಅದರ ಮೇಲೆ ಹತ್ತಿ ಕುಣಿದು, ರಾಶಿ ಪೂರ್ತಿ ಚೆಲ್ಲಾಪಿಲ್ಲಿ. ಅವಳು ಬೈಯುವುದಿಲ್ಲ. ಮತ್ತೆ ಗುಡಿಸುತ್ತಾಳೆ, ಮತ್ತೆ ಕುಣಿಯಲಿ ಅಂತಲೇ ಗುಡಿಸುತ್ತಾಳೆ ಅಂತ ನನ್ನ ಅನುಮಾನ. ಉಳಿದ ಎಲೆ ಕೊಟ್ಟಿಗೆಗೆ ಹೋಗುತ್ತದೆ, ಗಂಜಲ ಹೀರಿ ಬೆಚ್ಚಗಿಡುತ್ತದೆ, ಆಮೇಲೆ ಗೊಬ್ಬರದ ಗುಂಡಿ ಸೇರುತ್ತದೆ. ಎಲ್ಲಾ ಎಲೆಯೂ ಒಳ್ಳೆಯದಲ್ಲ, ನೆನಪಿರಲಿ. ಕಣಗಿಲೆಯ ಎಲೆ ಹಸಿಯಾದರೂ ವಿಷ, ಒಣಗಿದರೂ ವಿಷ. ಅದಕ್ಕೇ ಬೇಲಿ ಹತ್ತಿರ ತಾನಾಗಿ ಎದ್ದಿದ್ದ ಗಿಡವನ್ನು ಬೇರು ಸಮೇತ ತೆಗೆಸಿದ್ದೇನೆ.

ಹೋತದ ಹತ್ತಿರ ಮಾತ್ರ ನೀನು ಈಗ ಹೋಗಲಾರೆ. ಅಷ್ಟು ವಾಸನೆ. ಹಗಲು ಗಿಡ್ಡವಾಗುತ್ತಾ ಬಂದರೆ ಆಡುಗಳಿಗೆ ಬೆದೆಯ ಕಾಲ. ಸಮಭಾಜಕಕ್ಕೆ ಹತ್ತಿರದ ಪ್ರದೇಶಗಳಲ್ಲಿ ಅವು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಹುದು, ದೂರ ಹೋದ ಹಾಗೆ ಈ ಕಾಲಕ್ಕೇ ಕಟ್ಟುಬೀಳುತ್ತವೆ. ಹೋತ ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಂಡು, ಮೇಲ್ತುಟಿ ಎತ್ತಿ ಗಾಳಿ ಮೂಸುತ್ತಾ, ಮೇವನ್ನೂ ಮರೆತು ಬೇಲಿಯುದ್ದಕ್ಕೂ ಓಡಾಡುತ್ತಿರುತ್ತದೆ. ಈಗ ಗಬ್ಬ ನಿಂತರೆ ಸುಮಾರು 150 ದಿನಕ್ಕೆ ಮರಿ, ಅಂದರೆ ಚಳಿ ಕಳೆದ ಮೇಲೆ. ಮೂರೂವರೆ ತಿಂಗಳು ತುಂಬಿದ ಮೇಲೆ ಬೆಳ್ಳಿಗೆ ಮೇವು ಜಾಸ್ತಿ ಮಾಡಬೇಕು, ಮರಿ ಬಲಿಯುವುದು ಹೆಚ್ಚಾಗಿ ಕೊನೆಯ ಆ ಐದಾರು ವಾರಗಳಲ್ಲೇ.

ನಾಯಿ ಕರಿಯನ ಮೈಮೇಲೆ ಬೇಸಿಗೆ ಕೂದಲು ಉದುರಿ ಒಳಗೆ ದಟ್ಟ ಕೂದಲು ಬಂದಿದೆ, ನೋಡೋಕೆ ದಪ್ಪಗಾದ ಹಾಗೆ ಕಾಣುತ್ತಾನೆ. ಬೆಕ್ಕು ದಿನವಿಡೀ ಬಿಸಿಲು ಸರಿದ ಕಡೆಗೆ ತಾನೂ ಸರಿಯುತ್ತಾ ಸಂಜೆ ಹೊತ್ತಿಗೆ ಬಣವೆಯ ಮೇಲಿರುತ್ತದೆ. ಇವರಿಬ್ಬರ ಬಗ್ಗೆ ಹೇಳೋಕೆ ಅಷ್ಟೇ ಇರುವುದು.

ರಾಮನ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. ನಮ್ಮ ಎತ್ತಿಗೆ ವಯಸ್ಸಾಯಿತು ಪುಟ್ಟಿ. ದನಗಳಿಗೆ ಮೇಲಿನ ದವಡೆಯ ಮುಂದೆ ಹಲ್ಲೇ ಇರುವುದಿಲ್ಲ, ಕೆಳಗೆ ಎಂಟು, ಅದು ನಿನಗೂ ಗೊತ್ತು, ಚಿಕ್ಕವಳಿದ್ದಾಗ ಬಾಯಿ ಬಿಡಿಸಿ ಎಣಿಸುತ್ತಿದ್ದೆ. ಆ ಎಂಟೂ ಈಗ ಸವೆದು ಮೊಂಡಾಗಿವೆ. ಉದ್ದ ಹುಲ್ಲು ಕತ್ತರಿಸೋಕೆ ಅವನಿಗೆ ಆಗುತ್ತಿಲ್ಲ. ನಾನು ಮೇವನ್ನು ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ, ಸ್ವಲ್ಪ ಹಿಂಡಿ ಕಲಸಿ ಕೊಡುತ್ತೇನೆ. ನೊಗ ಹೊರುವುದು ನಿಂತು ಬಹಳ ಕಾಲವಾಯಿತು. ಆದರೂ ಬೆಳಗ್ಗೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಾನೆ, ಹೊಲದ ಕಡೆ ಮುಖ ಮಾಡಿ. ಬೇಸಿಗೆಯಲ್ಲಿ ಅವನನ್ನು ಹೊರಗೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಚಳಿ ಜೋರಾದರೆ ಮಂಡಿ ಹಿಡಿದುಕೊಂಡು ಏಳೋಕೇ ಕಷ್ಟಪಡುತ್ತಾನೆ. ಇದು ಅವನ ಕಾಲ. ಬಿಸಿಲು ಹದವಾಗಿರುವಾಗ ಹಗ್ಗ ಬಿಚ್ಚಿ ಬಿಟ್ಟರೆ ತಾನೇ ದಾರಿ ಹಿಡಿದು, ಬದುವಿನುದ್ದಕ್ಕೂ ನಿಧಾನಕ್ಕೆ ಮೇಯುತ್ತಾ, ಮೊದಲು ನಾವು ಉಳುತ್ತಿದ್ದ ತುಂಡಿನ ತನಕ ಹೋಗುತ್ತಾನೆ. ನಾನೂ ಹಿಂದೆ ಹೋಗುತ್ತೇನೆ. ಅವನು ನಿಂತಲ್ಲಿ ನಿಲ್ಲುತ್ತೇನೆ. ಇಷ್ಟು ವರ್ಷ ನಾನು ಹೇಳಿದ ಕಡೆ ಅವನು ಬಂದ, ಈಗ ಅವನು ಹೋದ ಕಡೆ ನಾನು ಹೋಗುವುದರಲ್ಲಿ ನನಗೆ ದೊಡ್ಡ ಸಂತೋಷವಿದೆ.

ಮುಂದಿನ ವರ್ಷ ಇಷ್ಟು ದೂರ ನಡೆಯುತ್ತಾನೋ ಇಲ್ಲವೋ. ನಿನ್ನ ಮನಸ್ಸು ನೋಯಿಸೋಕೆ ಹೇಳುತ್ತಿಲ್ಲ. ಈ ಸಲ ಬೇಸಿಗೆಗೆ ಕಾಯದೆ ಈಗಲೇ ಬಾ ಅಂತ ಹೇಳೋಕೆ ಇಷ್ಟೆಲ್ಲಾ ಬರೆದೆ. ಶನಿವಾರ ಭಾನುವಾರ ಅಂತ ಓಡಿಬಂದು ಓಡಿಹೋದರೆ ಏನೂ ಸಿಗುವುದಿಲ್ಲ. ಪ್ರಾಣಿಗಳಿಗೆ ನಿನ್ನ ವಾಸನೆ, ನಿನ್ನ ದನಿ ಮತ್ತೆ ಅಭ್ಯಾಸ ಆಗೋಕೇ ಒಂದೆರಡು ದಿನ ಬೇಕು. ಒಂದು ವಾರವಾದರೂ ಇರುವ ಹಾಗೆ ನೋಡಿಕೋ. ಓದುವುದಿದ್ದರೆ ಪುಸ್ತಕ ತಗೊಂಡು ಬಾ, ಬಣವೆಯ ಪಕ್ಕ ಕೂತು ಓದು, ನಾನು ಮಾತಾಡಿಸುವುದಿಲ್ಲ. ಮಧ್ಯಾಹ್ನ ಗೌರಿಯ ಮೈ ಉಜ್ಜುವ ಕೆಲಸ ನಿನಗೆ, ಬೇರೆ ಯಾವ ಕೆಲಸವೂ ಹೇಳುವುದಿಲ್ಲ ಅಂತ ನಿಮ್ಮಮ್ಮ ಹೇಳಿದ್ದಾಳೆ.

ಹಳೇ ಬಟ್ಟೆ ಹಾಕಿಕೊಂಡು ಬಾ. ದಾರ, ಕುಚ್ಚು, ಗುಂಡಿ ನೇತಾಡುವಂಥದ್ದು ಬೇಡ, ಈ ವರ್ಷದ ಆಡುಮರಿಗಳು ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕುತ್ತಿವೆ. ಯಾವ ಬಸ್ಸು, ಎಷ್ಟು ಹೊತ್ತಿಗೆ ಅಂತ ಮೊದಲೇ ತಿಳಿಸು, ನಾನೇ ಬಂದು ಕರ್ಕೊಂಡು ಬರುತ್ತೇನೆ.

ನಿನ್ನ ಅಪ್ಪ