ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದೆಯಲ್ಲ

ಮೈಸೂರು
ಭಾದ್ರಪದ ಬಹುಳ ಪಂಚಮಿ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ಹೊಸ ಮನೆ, ಕೆಲಸದ ಹುಡುಕಾಟ, ನಿನ್ನಮ್ಮನ ಮಂಡಿನೋವು ಎಲ್ಲ ಓದಿದೆ. ಈ ವರ್ಷ ನಿನಗೆ ಏನೇನಾಯಿತು ಅನ್ನುವುದು ನಮಗೆಲ್ಲ ಗೊತ್ತಿರುವುದೇ, ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ಕೊನೆಯ ಪುಟದ ತುದಿಯಲ್ಲಿ ಚಿಕ್ಕದಾಗಿ ಬರೆದಿದ್ದೀಯಲ್ಲ, ‘ದಸರೆಗೆ ಗೆಳತಿಯರು ನಾಲ್ಕೂ ಜನ ಮೈಸೂರಿಗೆ ಬರ್ತಾರಂತೆ, ವರ್ಷವಿಡೀ ಯಾರ ಫೋನೂ ಎತ್ತದವಳು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ’ ಅಂತ, ಆ ಸಾಲು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಮುಖ ಅಂದೆ. ನೀನು ಸುಳ್ಳು ಹೇಳಲಿಲ್ಲ, ಯಾರದೂ ದುಡ್ಡು ಇಟ್ಟುಕೊಳ್ಳಲಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಲಿಲ್ಲ. ಮನಸ್ಸು ಸರಿಯಿಲ್ಲದೆ ಬಾಗಿಲು ಹಾಕಿಕೊಂಡು ಕೂತಿದ್ದೆ, ಅಷ್ಟೆ. ಅದಕ್ಕೆ ಮುಖ ಯಾಕೆ ಕೆಡಬೇಕು? ಆದರೂ ನೀನು ಹೆದರುವುದು ಸುಮ್ಮನೆ ಅಂತ ನಾನು ಹೇಳುವುದಿಲ್ಲ. ಆ ಹೆದರಿಕೆ ಹೇಗೆ ಬೆಳೆಯುತ್ತೆ ಅಂತ ನನಗೆ ಗೊತ್ತು. ಮೊದಲ ವಾರ ಫೋನ್ ಎತ್ತದಿದ್ದರೆ ಅದು ಬರೀ ಆಯಾಸ. ಒಂದು ತಿಂಗಳಾದರೆ ಸಂಕೋಚ. ಆರು ತಿಂಗಳಾದ ಮೇಲೆ ‘ಈಗ ಮಾಡಿದರೆ ಇಷ್ಟು ದಿನ ಯಾಕೆ ಮಾಡಲಿಲ್ಲ ಅಂತ ಹೇಳಬೇಕಾಗುತ್ತೆ’ ಅನ್ನುವ ಲೆಕ್ಕ ಶುರುವಾಗುತ್ತೆ. ಆಗ ಅಡ್ಡ ನಿಂತಿರುವುದು ಮೊದಲಿನ ಕಷ್ಟವಲ್ಲ, ಸುಮ್ಮನಿದ್ದ ದಿನಗಳ ಲೆಕ್ಕ. ಅದು ದಿನಾ ಒಂದೊಂದು ಏರುತ್ತಲೇ ಹೋಗುತ್ತೆ. ಅದಕ್ಕೇ ದಸರೆಯ ತನಕ ಕಾಯಬೇಡ ಅನ್ನುತ್ತಿದ್ದೇನೆ. ಎಲ್ಲರೂ ಸೇರಿದ ದಿನ ನಾಲ್ಕು ಜನರ ಮುಂದೆ ಒಟ್ಟಿಗೆ ನಿಲ್ಲುವುದು ಕಷ್ಟ. ಅಷ್ಟರೊಳಗೆ ಒಬ್ಬೊಬ್ಬರ ಹತ್ತಿರ ಒಂದೊಂದು ಸಲ ಮಾತಾಡಿಬಿಟ್ಟಿದ್ದರೆ, ಅವತ್ತು ನೀನು ಬರೀ ಐದನೆಯವಳಾಗಿ ಹೋಗಿ ಕೂರಬಹುದು.

ನನ್ನ ಟ್ರಂಕಿನಲ್ಲೂ ಗೆಳತಿಯೊಬ್ಬಳಿಗೆ ಬರೆದು ಅಂಚೆಗೆ ಹಾಕದೆ ಉಳಿದ ಇನ್‌ಲ್ಯಾಂಡ್ ಕಾಗದ ಒಂದಿದೆ. ಒಳ್ಳೆ ಸುದ್ದಿ ಏನಾದರೂ ಆಗಲಿ, ಸೇರಿಸಿ ಬರೆಯೋಣ ಅಂತ ಕಾದೆ. ಆಗಿನ 15 ಪೈಸೆಯ ಅಂಚೆ ಕಾರ್ಡಿನಲ್ಲಿ ‘ಬದುಕಿದ್ದೀನಿ, ಆಮೇಲೆ ಬರೀತೀನಿ’ ಅಂತ ಎರಡು ಸಾಲು ಹಾಕಿದ್ದರೆ ಸಾಕಾಗಿತ್ತು. ಇರಲಿ, ಈಗ ಯಾರಿಗೆ ಹಾಕಲಿ ಅದನ್ನು.

ನಾಲ್ವರಲ್ಲಿ ಮೊದಲು ಯಾರಿಗೆ? ನಿನ್ನ ಮನಸ್ಸು ಪ್ರತಿ ಭಾನುವಾರ ‘ಊಟ ಆಯ್ತಾ’ ಅಂತ ಮೆಸೇಜು ಹಾಕುತ್ತಲೇ ಇದ್ದವಳ ಕಡೆ ಓಡುತ್ತೆ, ಯಾಕೆಂದರೆ ಅವಳು ಬೈಯುವುದಿಲ್ಲ. ಬೇಡ. ಮೊದಲು ಜ್ಯೇಷ್ಠದಲ್ಲಿ ಅಪ್ಪನನ್ನು ಕಳೆದುಕೊಂಡವಳಿಗೆ ಮಾಡು. ನಿನ್ನ ನಿಜವಾದ ಭಯ ಇರುವುದು ಅಲ್ಲೇ ಅಂತ ನನ್ನ ಊಹೆ, ಮಿಕ್ಕ ಮೂವರ ಹೆಸರು ಕಾಗದದಲ್ಲಿ ಬರೆದು ಅವಳದ್ದನ್ನು ಬಿಟ್ಟಿದ್ದೀಯ. ಮಿಕ್ಕವರ ಸಂತೋಷಕ್ಕೆ ನೀನು ಹೋಗಲಿಲ್ಲ, ಅದನ್ನು ಯಾರಾದರೂ ಮರೆಯುತ್ತಾರೆ. ದುಃಖಕ್ಕೆ ಹೋಗದವರನ್ನು ನೆನಪಿಟ್ಟುಕೊಳ್ಳುತ್ತಾರೆ. ಆದರೆ ಎಷ್ಟು ತಡವಾಗಿ ಬಂದರೂ ಬಂದವರನ್ನೂ ನೆನಪಿಟ್ಟುಕೊಳ್ಳುತ್ತಾರೆ. ಹದಿಮೂರು ದಿನ ಮನೆ ತುಂಬ ಜನ ಇರುತ್ತಾರೆ, ಆಮೇಲೆ ಯಾರೂ ಇರುವುದಿಲ್ಲ. ನಾಲ್ಕನೇ ತಿಂಗಳಲ್ಲಿ ‘ನಿಮ್ಮಪ್ಪನ ವಿಷಯ ಹೇಳು’ ಅಂತ ಕೇಳುವವರು ಅಪರೂಪ. ಅದೂ ಈ ಪಿತೃಪಕ್ಷದ ದಿನಗಳಲ್ಲಿ.

ಅವಳಿಗೆ ನೇರವಾಗಿ ಫೋನ್ ಮಾಡಬೇಡ, ಆಫೀಸಿನಲ್ಲೋ ಬಸ್ಸಿನಲ್ಲೋ ಇದ್ದರೆ ಅವಳಿಗೂ ಇಕ್ಕಟ್ಟು. ಮೊದಲು ಬರಿ. ಹೀಗೆ: ‘ನಿಮ್ಮಪ್ಪ ಹೋದಾಗ ನಾನು ಬರಲಿಲ್ಲ, ಫೋನೂ ಮಾಡಲಿಲ್ಲ. ತಪ್ಪಾಯಿತು. ಈ ವಾರ ನಿನ್ನ ಹತ್ತಿರ ಮಾತಾಡಬೇಕು ಅನ್ನಿಸಿದೆ. ರಾತ್ರಿ ಊಟ ಆದ ಮೇಲೆ ಯಾವತ್ತು ಆಗುತ್ತೆ ಹೇಳು.’ ಇಷ್ಟೇ. ಇದರೊಳಗೆ ನಿನ್ನ ಕಾರಣ ಸೇರಿಸಬೇಡ. ತಪ್ಪಾಯಿತು ಅಂದ ಮರುಸಾಲಿನಲ್ಲೇ ‘ನನಗೂ ಇಲ್ಲಿ ಹೀಗಾಗಿತ್ತು’ ಅಂದರೆ ಅವಳು ತನ್ನ ದುಃಖ ಬದಿಗಿಟ್ಟು ನಿನಗೆ ಸಮಾಧಾನ ಹೇಳಬೇಕಾಗುತ್ತೆ. ಕಾರಣವನ್ನು ಅವಳಾಗಿ ಕೇಳಲಿ, ಕೇಳುತ್ತಾಳೆ. ‘ನೀನಾದರೂ ಮಾಡಬಹುದಿತ್ತು’ ಅನ್ನುವ ಮಾತು ಬಾಯಿ ತುದಿಗೆ ಬಂದರೂ ನುಂಗಿಕೋ.

ಮಾತಿಗೆ ಸಿಕ್ಕಾಗ ‘ಹೇಗಿದ್ದೀಯ’ ಅಂತ ಕೇಳಿದರೆ ‘ಹೂಂ, ಪರವಾಗಿಲ್ಲ’ ಅಂತಾಳೆ, ಮುಗಿಯಿತು. ಕೇಳುವುದಿದ್ದರೆ ಕೈಗೆ ಸಿಗುವಂಥದ್ದು ಕೇಳು. ಅಮ್ಮ ರಾತ್ರಿ ಒಬ್ಬರೇ ಮಲಗುತ್ತಾರಾ, ಪಿಂಚಣಿ ಅವರ ಹೆಸರಿಗೆ ಆಯಿತಾ, ಅಪ್ಪನ ಸ್ಕೂಟರು ಏನು ಮಾಡಿದಿರಿ. ಸ್ಕೂಟರಿನ ವಿಷಯಕ್ಕೆ ಅವಳು ಅತ್ತರೂ ಅತ್ತಾಳು. ಅಳಲಿ. ನೀನು ಸುಮ್ಮನೆ ಫೋನ್ ಹಿಡಿದಿರು, ಆ ಮೌನ ತುಂಬಲು ಹೋಗಬೇಡ.

ಒಂದು ವಿಷಯ ನಿನ್ನಮ್ಮ ಹೇಳಿರಲಾರಳು ಅಂತ ಬರೆಯುತ್ತೇನೆ. ವರ್ಷಾಬ್ದಿಕ ಆಗುವ ತನಕ ಅವರ ಮನೆಯಲ್ಲಿ ಹಬ್ಬ ಇರುವುದಿಲ್ಲ, ಈ ಸಲ ಗೊಂಬೆ ಕೂರಿಸುವುದಿಲ್ಲ. ‘ಗೊಂಬೆ ನೋಡಲು ಬರ್ತೀನಿ’ ಅಂತ ಅಭ್ಯಾಸದ ಮೇಲೆ ಬಾಯಿಗೆ ಬಂದುಬಿಡುತ್ತೆ, ಜೋಪಾನ. ಮನೆಗೆ ಹೋದರೆ ಹಣ್ಣು ತಗೊಂಡು ಹೋಗು, ಸಿಹಿ ಬೇಡ. ಹೊರಡುವಾಗ ಅವಳ ಅಮ್ಮ ಕುಂಕುಮ ಕೊಡುತ್ತಾರೆ ಅಂತ ಹಳೆಯ ಹಾಗೆ ಬಾಗಿಲ ಹತ್ತಿರ ಕಾದು ನಿಲ್ಲಬೇಡ. ಕೊಡಲೋ ಬೇಡವೋ ಅಂತ ಅವರಿಗೆ ಸಂಕಟವಾಗುತ್ತೆ. ಕೊಟ್ಟರೆ ಕಣ್ಣಿಗೊತ್ತಿ ಇಟ್ಟುಕೋ, ಕೊಡದಿದ್ದರೆ ಅವರ ಕೈ ಹಿಡಿದುಕೊಂಡು ಒಂದು ಕ್ಷಣ ನಿಂತು ಬಾ.

ಬಾಣಂತಿಗೆ ಫೋನೇ ಬೇಡ, ಮೆಸೇಜು ಹಾಕಿ ಬಿಡು. ಮೂರು ದಿನ ಉತ್ತರ ಬರದಿದ್ದರೆ ಕೋಪ ಅಂದುಕೊಳ್ಳಬೇಡ, ಐದು ತಿಂಗಳ ಕೂಸು ಇರುವವಳಿಗೆ ಫೋನ್ ಎಲ್ಲಿದೆ ಅನ್ನುವುದೇ ಗೊತ್ತಿರುವುದಿಲ್ಲ. ನಾಮಕರಣಕ್ಕೆ ಹೋಗಲಿಲ್ಲವಲ್ಲ, ಬಟ್ಟೆ ತಗೊ. ಒಂದು ವರ್ಷದ ಅಳತೆಯದು, ತೆಳು ಹತ್ತಿಯದು, ಮುಂದೆ ಗುಂಡಿ ಇರುವಂಥದ್ದು. ಈಗಿನ ಅಳತೆಗೆ ತಂದರೆ ಎರಡು ಸಲ ತೊಡಿಸುವುದರೊಳಗೆ ಬಿಗಿಯಾಗುತ್ತೆ. ಪಕ್ಷ ಮುಗಿಯಲಿ, ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಕೊಳ್ಳು. ಮದುವೆಯಾದವಳಿಗೆ ಮುಯ್ಯಿ ತಡವಾಯಿತು ಅಂತ ನಾಚಿಕೆ ಬೇಡ, ಕವರಿನಲ್ಲಿ ಕೈಲಾದಷ್ಟು ಹಾಕು, 501 ಆದರೂ ಸಾಕು, ಒಂದು ಕಣ ಇಡು. ಅವಳ ಮದುವೆ ಆಲ್ಬಂ ಪೂರ್ತಿ ನೋಡು ಪುಟ್ಟಿ. ನಿನಗೆ ಅದು ಕಷ್ಟ, ನನಗೆ ಗೊತ್ತು. ಆದರೆ ನಿನ್ನ ಮುಂದೆ ತನ್ನ ಗಂಡನ ಮಾತೆತ್ತಲು ಅವಳೂ ಹೆದರಿಕೊಂಡಿರುತ್ತಾಳೆ. ನೀನಾಗಿಯೇ ಕೇಳಿದರೆ ಅವಳ ಎದೆಯ ಭಾರ ಇಳಿಯುತ್ತೆ. ಯಾವ ಮುಖ ಅಂತ ನೀನೊಬ್ಬಳೇ ಯೋಚಿಸುತ್ತಿದ್ದೀಯ ಅಂದುಕೊಳ್ಳಬೇಡ. ಈ ವರ್ಷ ಅವರೂ ನಿನ್ನ ಮನೆ ಬಾಗಿಲಿಗೆ ಬರಲಿಲ್ಲವಲ್ಲ.

ಐವರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಕ್ಷಮೆ ಕೇಳಬೇಡ. ಅಲ್ಲಿ ಹಾಕಿದರೆ ನಾಲ್ಕು ಹೃದಯ, ಎರಡು ಕೈಮುಗಿದ ಗೊಂಬೆ ಬರುತ್ತವೆ. ಆಯಿತಲ್ಲ ಅಂತ ಅವರೂ ಬಿಡುತ್ತಾರೆ, ನೀನೂ ಬಿಡುತ್ತೀಯ. ಮಾತು ಆಗಿಯೇ ಇರುವುದಿಲ್ಲ. ಯಾರಾದರೂ ಉತ್ತರ ಕೊಡದೇ ಹೋದರೆ ಎಂಟು ದಿನ ಬಿಟ್ಟು ಒಂದು ಸಲ ಫೋನ್ ಮಾಡು. ಅದಕ್ಕೂ ಇಲ್ಲವೆಂದರೆ ಯುಗಾದಿಗೆ ಒಂದು ಸಾಲು ಬರಿ. ಅದಕ್ಕಿಂತ ಹೆಚ್ಚು ಬೆನ್ನು ಹತ್ತಬಾರದು, ಅವರಿಗೂ ಸಮಯ ಬೇಕು.

ಸೇರುವ ದಿನದ ವಿಷಯ. ಜಾಗ ನೀನೇ ಮೊದಲು ಹೇಳು, ಇಲ್ಲದಿದ್ದರೆ ಯಾರೋ ದೊಡ್ಡ ಹೋಟೆಲು ಹೇಳುತ್ತಾರೆ, ಬಿಲ್ಲು ಹಂಚುವಾಗ ನಿನಗೆ ಕಸಿವಿಸಿ. ಅರಮನೆ ಸುತ್ತಮುತ್ತ ಬೇಡ, ಸಂಜೆ ದೀಪ ಹಾಕುವ ಹೊತ್ತಿಗೆ ಹೆಜ್ಜೆ ಇಡಲು ಆಗುವುದಿಲ್ಲ. ವಿಜಯದಶಮಿಯಂತೂ ಜಂಬೂಸವಾರಿಗೆ ರಸ್ತೆಗಳನ್ನೇ ಮುಚ್ಚುತ್ತಾರೆ. ಪಂಚಮಿಯೋ ಷಷ್ಠಿಯೋ ನೋಡಿಕೊಳ್ಳಿ. ನಜರ್‌ಬಾದಿನ ದೋಸೆ ಅಂತ ಆಸೆಪಟ್ಟರೆ ತಿಂದು ಎದ್ದುಬಿಡಿ, ಹಿಂದೆ ಜನ ಕಾದು ನಿಂತಿರುವಾಗ ವರ್ಷದ ಮಾತು ಆಡಲಾಗುವುದಿಲ್ಲ. ಬೆಟ್ಟದ ಮೆಟ್ಟಿಲೂ ಬೇಡ, ಸಾವಿರ ಮೆಟ್ಟಿಲು ಕೂಸಿನ ತಾಯಿಯಿಂದ ಆಗದು. ಕುಕ್ಕರಹಳ್ಳಿ ಕೆರೆ ದಂಡೆ ಒಳ್ಳೆಯದು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹೋಗಿ. ಎದುರುಬದುರು ಕೂತರೆ ಕಣ್ಣು ತಪ್ಪಿಸಬೇಕಾಗುತ್ತೆ. ಪಕ್ಕಪಕ್ಕ ನಡೆಯುವಾಗ ಎಲ್ಲರೂ ನೀರಿನ ಕಡೆ, ಹೆಜ್ಜಾರ್ಲೆ ಹಕ್ಕಿಗಳ ಕಡೆ ನೋಡುತ್ತಿರುತ್ತಾರೆ. ಯಾವ ಮುಖ ಅಂತ ಕೇಳಿದೆಯಲ್ಲ, ಅಲ್ಲಿ ಮುಖದ ಮಾತೇ ಬರುವುದಿಲ್ಲ. ಕೂಸು ಅತ್ತರೆ ಕೂರಲು ಬೆಂಚು ಇವೆ. ಒಂದೂವರೆ ಗಂಟೆ ಸಾಕು.

‘ಏನಾಯಿತೇ ನಿನಗೆ’ ಅಂತ ಕೇಳೇ ಕೇಳುತ್ತಾರೆ. ಅದಕ್ಕೆ ಉತ್ತರ ಮೊದಲೇ ಕಟ್ಟಿಕೋ. ಅವರ ಅಮ್ಮಂದಿರು, ದಾರಿಯಲ್ಲಿ ಸಿಕ್ಕವರು ಕೇಳಿದರೆ ಒಂದೇ ಸಾಲು: ‘ನಾನೀಗ ಅಮ್ಮನ ಜೊತೆ ಬೆಂಗಳೂರಿನಲ್ಲಿದ್ದೀನಿ.’ ‘ಯಜಮಾನರು?’ ಅಂದರೂ ಅದೇ ಸಾಲು ಇನ್ನೊಮ್ಮೆ, ಮೆಲ್ಲಗೆ. ಎರಡನೇ ಸಲ ಕೇಳಿದ ಮೇಲೆ ಮೂರನೇ ಸಲ ಕೇಳುವವರು ಕಡಿಮೆ. ನಾಲ್ವರಿಗೆ ಐದು ನಿಮಿಷದಷ್ಟು. ಪೂರ್ತಿ ಹೇಳುವುದು ಒಬ್ಬಳಿಗೇ, ಅದೂ ಅವತ್ತಲ್ಲ. ಮೊದಲ ಭೇಟಿಯಲ್ಲೇ ಎಲ್ಲ ಸುರಿದುಬಿಟ್ಟರೆ ಆ ಹೊತ್ತಿಗೆ ಹಗುರ ಅನ್ನಿಸುತ್ತೆ, ಮರುದಿನ ಬೆಳಿಗ್ಗೆ ‘ಛೆ, ಅಷ್ಟೆಲ್ಲ ಹೇಳಬಾರದಿತ್ತು’ ಅಂತ ಮತ್ತೆ ಬಾಗಿಲು ಹಾಕಿಕೊಳ್ಳುವ ಹಾಗಾಗುತ್ತೆ. ಆ ಐದು ನಿಮಿಷದ್ದನ್ನು ಬಚ್ಚಲಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿಕೋ. ಎಲ್ಲಿ ಗಂಟಲು ಕಟ್ಟುತ್ತೆ ಅಂತ ಗೊತ್ತಾಗುತ್ತೆ, ಆ ಮಾತು ತೆಗೆದುಬಿಡು. ಫೋಟೋ ತೆಗೆಯುವ ಮೊದಲೇ ‘ಸ್ಟೇಟಸ್‌ಗೆ ಹಾಕಬೇಡಿ’ ಅಂತ ಹೇಳು, ಹಾಕಿದ ಮೇಲೆ ತೆಗೆಸುವುದು ಕಷ್ಟ. ಹೊರಡುವಾಗ ‘ಸಿಗೋಣ’ ಅಂತ ಬಿಡದೆ ಮುಂದಿನ ದಿನ ಗೊತ್ತುಮಾಡಿಕೊಂಡೇ ಏಳಿ. ದೀಪಾವಳಿಗೆ ಬೇಡ, ಅವಳ ಮನೆಯಲ್ಲಿ ಹಬ್ಬವಿಲ್ಲ. ಕಾರ್ತಿಕದಲ್ಲಿ ಒಂದು ಭಾನುವಾರ ಆಗಬಹುದು.

ಬಹಳ ಹೇಳಿಬಿಟ್ಟೆನೇನೋ. ಫೋನಿನ ಕಾಲದ ಸ್ನೇಹ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಿನಗೆ ಸರಿ ಕಂಡದ್ದು ಇಟ್ಟುಕೋ, ಮಿಕ್ಕದ್ದು ಬಿಡು. ನಮ್ಮ ಮನೆಯಲ್ಲೇ ಇಳಿದುಕೋ, ಮೇಲಿನ ಕೋಣೆ ಗುಡಿಸಿ ಇಟ್ಟಿದ್ದೇನೆ. ಅವತ್ತು ಬೆಳಿಗ್ಗೆ ಹೊರಡುವ ಹೊತ್ತಿಗೆ ಮತ್ತೆ ಭಯವಾದರೆ ನನ್ನನ್ನು ಕರಿ, ಕೆರೆ ಗೇಟಿನ ತನಕ ಜೊತೆಗೆ ಬಂದು ತಿರುಗಿಕೊಳ್ಳುತ್ತೇನೆ.

ಆ ನಾಲ್ಕು ಸಾಲು ಅಪ್ಪನನ್ನು ಕಳೆದುಕೊಂಡವಳಿಗೆ ಇವತ್ತೇ ಕಳಿಸು. ಕಳಿಸಿದೆ ಅಂತ ನನಗೊಂದು ಫೋನ್ ಮಾಡು, ರಾತ್ರಿ ಹತ್ತಾದರೂ ಎದ್ದಿರುತ್ತೇನೆ.

ಇಂತಿ
ನಿನ್ನ ದೊಡ್ಡಮ್ಮ

ಮರೆತಿದ್ದೆ: ಭಾನುವಾರದ ‘ಊಟ ಆಯ್ತಾ’ ಹುಡುಗಿಗೆ ಬರೀ ‘ಆಯ್ತು, ನಿಂದು?’ ಅಂತ ಬರಿ. ಅವಳಿಗೆ ಅಷ್ಟು ಸಾಕು.